ಬಿಟ್ಟ ಮೇಲಿನ ಲೆಕ್ಕ: ಎ.ಎ. ಸಭೆಗಳ ಬಗ್ಗೆ ಒಂದು ವಿಮರ್ಶೆ

ಕುಡಿತ ಬಿಡಿಸುವ ಜಾಹೀರಾತು ನಮ್ಮ ಊರುಗಳಲ್ಲಿ ಬಸ್‌ಸ್ಟ್ಯಾಂಡಿನ ಕಂಬದಿಂದ ಹಿಡಿದು ಆಟೋ ಬೆನ್ನಿನವರೆಗೆ ಅಂಟಿಕೊಂಡಿರುತ್ತದೆ. ಊಟದಲ್ಲಿ ಬೆರೆಸುವ ಪುಡಿ, ಇಷ್ಟು ದಿನದ ಕೋರ್ಸು, ಗಾಡಿ ಕಳಿಸಿ ಕರೆದೊಯ್ಯುವ ಕೇಂದ್ರ. ಎಲ್ಲರೂ ಮಾತಾಡುವುದು ಬಿಡಿಸುವ ಬಗ್ಗೆಯೇ. ಬಿಟ್ಟು ಮೂರು ತಿಂಗಳಾದವರು ನಡುರಾತ್ರಿ ಎದ್ದು ಕೂತಾಗ ತಲೆಯಲ್ಲಿ ಓಡುವುದು ಬೇರೆ: ಗಿರವಿ ಅಂಗಡಿಯಲ್ಲಿರುವ ಹೆಂಡತಿಯ ಓಲೆ, ಹೋಗದೇ ಉಳಿದ ಮಗಳ ಸ್ಕೂಲ್ ಡೇ, ಕೊನೆಗಾಲದಲ್ಲಿ ನೋಡಲು ಬಾರದ ಮಗನಿಗಾಗಿ ಬಾಗಿಲ ಕಡೆ ನೋಡುತ್ತಾ ಹೋದ ಅಪ್ಪ. ಈ ಲೆಕ್ಕವನ್ನು ಏನು ಮಾಡಬೇಕು ಅಂತ ಹೇಳಿಕೊಡುವ ಜಾಗಗಳು ಕಡಿಮೆ. ಅವುಗಳಲ್ಲಿ ಹಳೆಯದು, ದುಡ್ಡು ಕೇಳದ್ದು, ಕ್ರಮಬದ್ಧವಾದ್ದು ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಈ ಬರಹ ಅದನ್ನು ಒಂದು ಸೇವೆಯಾಗಿ ನೋಡುತ್ತದೆ: ತನ್ನನ್ನು ತಾನು ಕ್ಷಮಿಸಿಕೊಳ್ಳುವ ಕೆಲಸಕ್ಕೆ ಅದು ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ, ಯಾರು ಮೊದಲು ಬೇರೆ ಕಡೆ ಹೋಗಬೇಕು.

ಎ.ಎ. ಶುರುವಾದದ್ದು 1935ರ ಜೂನ್ 10ರಂದು, ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ಊರಿನಲ್ಲಿ. ಷೇರುಪೇಟೆಯ ಬಿಲ್ ವಿಲ್ಸನ್, ಸರ್ಜನ್ ಆಗಿದ್ದ ಬಾಬ್ ಸ್ಮಿತ್, ಇಬ್ಬರೂ ಕುಡಿತದಲ್ಲಿ ಮುಳುಗಿದ್ದವರು. ಒಬ್ಬ ಕುಡುಕನ ಮಾತು ಇನ್ನೊಬ್ಬ ಕುಡುಕನಿಗೆ ಮುಟ್ಟುವ ಹಾಗೆ ಹೆಂಡತಿ, ಡಾಕ್ಟರು, ಪಾದ್ರಿಯ ಮಾತು ಮುಟ್ಟುವುದಿಲ್ಲ ಅನ್ನುವುದು ಅವರಿಬ್ಬರು ಕಂಡುಕೊಂಡ ಸತ್ಯ. 1939ರಲ್ಲಿ ಹನ್ನೆರಡು ಹೆಜ್ಜೆಗಳು, ಅಂದರೆ ಕುಡಿತ ಬಿಟ್ಟು ಬದುಕು ಸರಿಮಾಡಿಕೊಳ್ಳಲು ಒಂದೊಂದಾಗಿ ಮಾಡುವ ಹನ್ನೆರಡು ಕೆಲಸಗಳು, ಅಚ್ಚಾದವು. ಇವತ್ತಿಗೂ ಅವೇ ಹೆಜ್ಜೆಗಳು. ಪ್ರವೇಶ ಶುಲ್ಕ ಇಲ್ಲ, ರಿಜಿಸ್ಟರ್ ಇಲ್ಲ, ಆಧಾರ್ ಕೇಳುವುದಿಲ್ಲ. ಹೆಸರು ಹೇಳಿದರೆ ಸಾಕು, ಮನೆತನ, ಊರು, ಕೆಲಸ ಹೇಳಬೇಕಿಲ್ಲ. ಸಭೆಯ ಕೊನೆಗೆ ಒಂದು ಡಬ್ಬಿಯೋ ಬಟ್ಟೆ ಚೀಲವೋ ಕೈಯಿಂದ ಕೈಗೆ ಹೋಗುತ್ತದೆ. ಹತ್ತು ಇಪ್ಪತ್ತು ರೂಪಾಯಿ ಹಾಕುವವರು ಹಾಕುತ್ತಾರೆ. ಜಾಗದ ಬಾಡಿಗೆ, ಟೀ, ಪುಸ್ತಕ ಎಲ್ಲ ಅದರಲ್ಲೇ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ ಅನ್ನುವುದು ಅವರ ಕಟ್ಟುನಿಟ್ಟು. ಸಾಲದಲ್ಲಿ ಮುಳುಗಿ ಬಂದವರಿಗೆ ಇದು ಸಣ್ಣ ವಿಷಯ ಅಲ್ಲ.

ಸಭೆ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಹೆಚ್ಚಾಗಿ ಶಾಲೆಯ ಕೊಠಡಿ, ಚರ್ಚಿನ ಹಿಂದಿನ ಹಾಲ್, ಆಸ್ಪತ್ರೆಯ ಖಾಲಿ ರೂಮು. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ತೂಗುಹಾಕಿದ ಹೆಜ್ಜೆಗಳ ಬಟ್ಟೆ, ಫ್ಲಾಸ್ಕಿನಲ್ಲಿ ಟೀ. ಒಬ್ಬರು ನಡೆಸಿಕೊಡುತ್ತಾರೆ, ಆ ಕೆಲಸ ಸರದಿಯಲ್ಲಿ ಬದಲಾಗುತ್ತದೆ. ಒಂದು ನಿಮಿಷ ಮೌನ, ಎ.ಎ. ಏನು ಅನ್ನುವ ನಾಲ್ಕು ಸಾಲಿನ ಓದು, ಆಮೇಲೆ ಒಬ್ಬೊಬ್ಬರೇ ತಮ್ಮ ಅನುಭವ ಹೇಳಿಕೊಳ್ಳುವ ಶೇರಿಂಗ್. ಒಬ್ಬರು ಮಾತಾಡುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಮುಗಿದ ಮೇಲೂ ‘ನೀನು ಹೀಗೆ ಮಾಡಬೇಕಿತ್ತು’ ಅನ್ನುವ ಬುದ್ಧಿವಾದ ಇಲ್ಲ. ನಮ್ಮಲ್ಲಿ ಕುಡಿಯುವವರಿಗೆ ವರ್ಷಗಟ್ಟಲೆ ಸಿಕ್ಕಿರುವುದು ಬುದ್ಧಿವಾದವೇ. ಮೊದಲ ಸಲ ಬಂದವರಿಗೆ ಆ ಮೌನವೇ ವಿಚಿತ್ರ ಅನ್ನಿಸುತ್ತದೆ, ಎರಡನೇ ಸಲಕ್ಕೆ ಹಿತ ಅನ್ನಿಸುತ್ತದೆ. ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಯಾವ ಗ್ರೂಪಿನಲ್ಲಿ ಯಾವ ಭಾಷೆ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಊರು ಬಿಟ್ಟು ದೂರ ಇರುವವರಿಗೆ ಆನ್‌ಲೈನ್ ಸಭೆಗಳೂ ಇವೆ, ಆದರೆ ಮೊದಲ ಕೆಲವು ವಾರ ಎದುರುಬದುರು ಕೂರುವುದೇ ಒಳ್ಳೆಯದು. ಪರದೆಯ ಮೇಲೆ ಕೈ ನಡುಗುವುದು ಕಾಣುವುದಿಲ್ಲ.

ಮೊದಲು ಡಾಕ್ಟರು, ಆಮೇಲೆ ಸಭೆ

ಇದನ್ನು ಗಟ್ಟಿಯಾಗಿ ಹೇಳಲೇಬೇಕು. ದಿನಾ ಹೆಚ್ಚು ಕುಡಿಯುವವರು ಸಭೆಯ ಉತ್ಸಾಹದಲ್ಲಿ ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಬರಬಹುದು. ಒಂದು ಕ್ವಾರ್ಟರ್, ಅಂದರೆ 180 ಎಂ.ಎಲ್., 42.8 ಪರ್ಸೆಂಟಿನ ವಿಸ್ಕಿಯಾದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ. ಅಂಗಡಿಯ ಮುಂದೆ ನಿಂತು ಹೀರುವ 90ರ ಟೆಟ್ರಾ ಪ್ಯಾಕಿನಲ್ಲಿ ಅದರ ಅರ್ಧ. ದಿನಕ್ಕೆ ಎರಡು ಮೂರು ಕ್ವಾರ್ಟರ್ ವರ್ಷಗಟ್ಟಲೆ ಕುಡಿದ ಮೈ ಅದಕ್ಕೇ ಒಗ್ಗಿಕೊಂಡಿರುತ್ತದೆ. ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆ ಮೇಲೆ ಹುಳ ಕಾಣುವುದು, ಮನೆಯವರ ಗುರುತು ಸಿಗದೇ ಹೋಗುವುದು, ಜ್ವರ. ಇದನ್ನು ‘ದೆವ್ವ ಮೆಟ್ಟಿಕೊಂಡಿದೆ’ ಅಂತ ತಾಯಿತ ಕಟ್ಟಿಸಲು ಹೋಗಿ ಹೊತ್ತು ಕಳೆಯಬಾರದು, ಆಸ್ಪತ್ರೆಗೇ ಹೋಗಬೇಕು. ಹಿಂದೆ ಫಿಟ್ಸ್ ಬಂದಿದ್ದರೆ, ಇದು ಐದಾರನೇ ಸಲ ಬಿಡುವುದಾದರೆ ಅಪಾಯ ಇನ್ನೂ ಹೆಚ್ಚು. ಪ್ರತಿ ಸಲ ಬಿಟ್ಟು ಹಿಡಿದಾಗಲೂ ಮುಂದಿನ ಸಲದ ನಡುಕ ಜೋರಾಗುತ್ತಾ ಹೋಗುತ್ತದೆ.

ಇನ್ನೊಂದು ಎಡವಟ್ಟು ನಮ್ಮ ಸಣ್ಣ ಕ್ಲಿನಿಕ್ಕುಗಳಲ್ಲಿ ಆಗುತ್ತದೆ. ‘ಸುಸ್ತು, ಗ್ಲೂಕೋಸ್ ಹಾಕಿಸಿ’ ಅಂತ ಮನೆಯವರೇ ಒತ್ತಾಯ ಮಾಡುತ್ತಾರೆ. ದಿನಾ ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಆದ್ದರಿಂದ ಡಾಕ್ಟರಿಗೆ ‘ಇವರು ದಿನಾ ಇಷ್ಟು ಕುಡಿಯುತ್ತಾರೆ’ ಅಂತ ಮೊದಲ ವಾಕ್ಯದಲ್ಲೇ ಹೇಳಿ, ಮುಚ್ಚಿಡಬೇಡಿ. ನಡುಕಕ್ಕೆ ಕೊಡುವ ಮಾತ್ರೆಗಳನ್ನು ದಿನದಿನಕ್ಕೆ ಇಳಿಸುತ್ತಾ ನಿಲ್ಲಿಸಬೇಕು. ಮೆಡಿಕಲ್ ಶಾಪಿನಿಂದ ನೀವೇ ತಂದು ಮುಂದುವರಿಸಿದರೆ ಅದೂ ಒಂದು ಚಟವಾಗುತ್ತದೆ.

ಊಟದಲ್ಲಿ ಬೆರೆಸುವ ಪುಡಿಯ ಬಗ್ಗೆ ಎರಡು ಮಾತು. ಡೈಸಲ್ಫಿರಾಮ್ ಅನ್ನುವ ಒಂದು ಮದ್ದಿದೆ. ಅದನ್ನು ತಿಂದವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿ.ಪಿ. ಬಿದ್ದುಹೋಗಬಹುದು. ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಅದರ ಪರಿಣಾಮ ಇರಬಹುದು. ಗೊತ್ತಿದ್ದು, ಒಪ್ಪಿ, ಡಾಕ್ಟರ ಕಣ್ಗಾವಲಿನಲ್ಲಿ ತೆಗೆದುಕೊಂಡರೆ ಅದು ಒಳ್ಳೆಯ ಔಷಧಿ. ಗೊತ್ತಿಲ್ಲದ ಹಾಗೆ ಸಾರಿನಲ್ಲಿ ಬೆರೆಸಿದರೆ ಅದು ವಿಷಪ್ರಾಶನಕ್ಕೆ ಸಮ. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಅಂತ ಯಾರು ಬಲ್ಲರು? ಮೇಲಾಗಿ ಮೋಸದಿಂದ ಬಿಡಿಸಿದ ಕುಡಿತದಲ್ಲಿ ಬಿಟ್ಟವರ ಪಾಲು ಏನೂ ಇಲ್ಲ. ಅಲ್ಲಿ ಕ್ಷಮೆಗೆ ಜಾಗವೇ ಹುಟ್ಟುವುದಿಲ್ಲ.

ಆಣೆ, ಮಾಲೆ, ಮತ್ತು ಇವತ್ತು ಒಂದು ದಿನ

ನಮ್ಮಲ್ಲಿ ಕುಡಿತ ನಿಲ್ಲಿಸುವ ಹಳೆಯ ದಾರಿಗಳಿವೆ. ದೇವರ ಮುಂದೆ ಆಣೆ ಮಾಡಿಸುವುದು, ಮಕ್ಕಳ ತಲೆ ಮುಟ್ಟಿಸುವುದು, ಅಯ್ಯಪ್ಪನ ಮಾಲೆ ಹಾಕುವುದು. ಮಾಲೆಯನ್ನು ಹಗುರವಾಗಿ ನೋಡಬಾರದು. ವರ್ಷವೆಲ್ಲ ಕುಡಿಯುವವರು ವ್ರತದ ಅಷ್ಟೂ ದಿನ ತಣ್ಣೀರು ಸ್ನಾನ, ಬರಿಗಾಲು, ಒಪ್ಪೊತ್ತು ಊಟ ಅಂತ ಇದ್ದು ತೋರಿಸುತ್ತಾರೆ. ಅವರಿಗೆ ಮನಸ್ಸಿನ ಬಲ ಇಲ್ಲ ಅನ್ನುವವರು ಇದನ್ನು ನೋಡಬೇಕು. ತೊಂದರೆ ಇರುವುದು ಮಾಲೆ ತೆಗೆಯುವ ದಿನದಲ್ಲಿ. ವ್ರತಕ್ಕೆ ಕೊನೆಯ ತಾರೀಕು ಇದೆ, ಜೊತೆಗಿದ್ದ ಗುರುಸ್ವಾಮಿ, ಭಜನೆ, ‘ಸ್ವಾಮಿ’ ಅಂತ ಕರೆಯುವ ಮರ್ಯಾದೆ ಎಲ್ಲ ಆ ದಿನಕ್ಕೆ ಮುಗಿಯುತ್ತದೆ. ಆಣೆಯದು ಇದರ ಉಲ್ಟಾ: ಅದು ಜನ್ಮಪೂರ್ತಿಯದು, ಆದ್ದರಿಂದ ಒಂದು ಸಲ ಮುರಿದರೆ ಪೂರ್ತಿ ಮುರಿಯಿತು. ಆಣೆ ಮುರಿದವರು ದೇವರಿಗೂ ದ್ರೋಹಿ, ಮಕ್ಕಳಿಗೂ ದ್ರೋಹಿ ಅನ್ನುವ ಭಾರ ಹೊತ್ತು ಮೊದಲಿಗಿಂತ ಹೆಚ್ಚು ಕುಡಿಯುತ್ತಾರೆ.

ಎ.ಎ. ಈ ಎರಡರ ನಡುವೆ ಹಾದುಹೋಗುತ್ತದೆ. ಮಾತು ಕೊಡುವುದು ಇವತ್ತಿನ ಮಟ್ಟಿಗೆ ಮಾತ್ರ. ನಾಳೆ ಬೆಳಿಗ್ಗೆ ಮತ್ತೆ ಇವತ್ತಿಗೆ. ಮಾಲೆಯಲ್ಲಿದ್ದ ಗುಂಪು, ಸರಳತನ, ದಿನಚರಿ ಇಲ್ಲೂ ಇದೆ, ತೆಗೆಯುವ ದಿನ ಮಾತ್ರ ಇಲ್ಲ. ಹೊಸಬರಿಗೆ 90 ದಿನದಲ್ಲಿ 90 ಸಭೆ ಅಂತ ಹೇಳುವುದು ಇದೇ ಕಾರಣಕ್ಕೆ. ತಾಲ್ಲೂಕು ಊರಿನಲ್ಲಿ ವಾರಕ್ಕೆ ಒಂದೋ ಎರಡೋ ಸಭೆ ಇದ್ದರೆ ಅಷ್ಟಾಗುವುದಿಲ್ಲ. ಉಳಿದ ದಿನ ಕುಡಿಯುವ ಹೊತ್ತಿಗೆ ಸರಿಯಾಗಿ, ಅಂದರೆ ಸಂಜೆ ಆರರಿಂದ ಎಂಟರೊಳಗೆ, ಗ್ರೂಪಿನವರಿಗೆ ಒಂದು ಫೋನ್ ಮಾಡುವುದು ಅದರ ಬದಲಿ. ಹಸಿವು, ಕೋಪ, ಒಂಟಿತನ, ಆಯಾಸ, ಈ ನಾಲ್ಕರಲ್ಲಿ ಯಾವುದು ಹತ್ತಿರ ಬಂದಿದೆ ಅಂತ ಆ ಹೊತ್ತಿಗೆ ನೋಡಿಕೊಳ್ಳುವ ಅಭ್ಯಾಸ ಮಾಡಿಸುತ್ತಾರೆ. ಬಹಳ ಸಲ ಒಂದು ತಟ್ಟೆ ಅನ್ನ ಸಾರು ತಿಂದರೆ ಆಸೆ ಅರ್ಧ ಇಳಿಯುತ್ತದೆ.

ನೋಟ್‌ಬುಕ್ಕಿನ ನಾಲ್ಕು ಕಾಲಮ್ಮು

ಈ ಸೇವೆಯ ನಿಜವಾದ ಸರಕು ಇಲ್ಲಿದೆ. ಮೊದಲ ಮೂರು ಹೆಜ್ಜೆಗಳು ಕುಡಿತದ ಮುಂದೆ ಸೋತೆ ಅಂತ ಒಪ್ಪುವುದು, ತನಗಿಂತ ದೊಡ್ಡದೊಂದರ ಆಸರೆ ಹಿಡಿಯುವುದು. ನಾಲ್ಕನೆಯದು ಬರೆಯುವುದು. ಇದನ್ನು ಒಬ್ಬ ಸ್ಪಾನ್ಸರ್ ಜೊತೆ ಮಾಡಬೇಕು. ಸ್ಪಾನ್ಸರ್ ಅಂದರೆ ಗ್ರೂಪಿನಲ್ಲಿ ಮುಂಚೆ ಬಂದು, ಹನ್ನೆರಡೂ ಹೆಜ್ಜೆ ಮುಗಿಸಿ, ಕನಿಷ್ಠ ಒಂದೆರಡು ವರ್ಷ ಕುಡಿಯದೆ ಇರುವ ವ್ಯಕ್ತಿ. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ಅವರ ಹತ್ತಿರ ಸಾಲ ಇಸಿದುಕೊಳ್ಳಬೇಡಿ, ಅವರಿಗೆ ಸಾಲ ಕೊಡಲೂ ಬೇಡಿ. ನೆಂಟರಾಗಿರದಿದ್ದರೆ ಒಳ್ಳೆಯದು.

ಇನ್ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಅಡ್ಡಕ್ಕೆ ಹಿಡಿದು ನಾಲ್ಕು ಕಾಲಮ್ ಗೆರೆ ಎಳೆಯಬೇಕು: ಯಾರ ಮೇಲೆ ಸಿಟ್ಟು, ಏನಾಯಿತು, ನನಗೆ ಪೆಟ್ಟು ಬಿದ್ದದ್ದು ಎಲ್ಲಿ, ಅದರಲ್ಲಿ ನನ್ನ ಪಾಲೇನು. ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಮೊದಲ ಕಾಲಮ್: ಅಣ್ಣ. ಎರಡನೆಯದು: ಗೃಹಪ್ರವೇಶಕ್ಕೆ ಕರೆಯಲಿಲ್ಲ, ಊರಿಗೆಲ್ಲ ಊಟ ಹಾಕಿಸಿದ. ಮೂರನೆಯದು: ಮರ್ಯಾದೆ, ಒಡಹುಟ್ಟಿದವನು ಅನ್ನುವ ಹಕ್ಕು. ಇಲ್ಲಿಯವರೆಗೆ ಪೆನ್ನು ಸರಾಗ ಓಡುತ್ತದೆ. ನಾಲ್ಕನೇ ಕಾಲಮ್ಮಿಗೆ ಬಂದು ನಿಲ್ಲುತ್ತದೆ. ಹಿಂದಿನ ವರ್ಷ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಕುಡಿದು ಹೋಗಿ, ಬೀಗರ ಮುಂದೆ ಆಸ್ತಿ ಪಾಲಿನ ಮಾತೆತ್ತಿ ಕೂಗಾಡಿದ್ದು. ಮಾರನೇ ದಿನ ಅತ್ತಿಗೆ ಫೋನ್ ಮಾಡಿದಾಗ ಎತ್ತದೇ ಇದ್ದದ್ದು. ಈ ಎರಡು ವಾಕ್ಯ ಬರೆಯಲು ಕೆಲವರಿಗೆ ಒಂದು ವಾರ ಬೇಕಾಗುತ್ತದೆ. ಆದರೆ ಬರೆದ ಮೇಲೆ ಎರಡನೇ ಕಾಲಮ್ಮಿನ ಅಣ್ಣ ಬೇರೆ ಮನುಷ್ಯನಾಗಿ ಕಾಣುತ್ತಾನೆ.

ಸಿಟ್ಟಿನ ಪಟ್ಟಿ ಮುಗಿದ ಮೇಲೆ ಭಯದ ಪಟ್ಟಿ, ಆಮೇಲೆ ಗಂಡುಹೆಣ್ಣಿನ ಸಂಬಂಧದಲ್ಲಿ ಮಾಡಿದ ತಪ್ಪುಗಳು. ಇಲ್ಲಿ ಎರಡು ರೀತಿ ಕೆಡುತ್ತದೆ. ಕೆಲವರ ನಾಲ್ಕನೇ ಕಾಲಮ್ ಪೂರ್ತಿ ಖಾಲಿ, ತಪ್ಪೆಲ್ಲ ಊರವರದೇ. ಇನ್ನು ಕೆಲವರು, ಇವರೇ ಹೆಚ್ಚು, ಎಲ್ಲ ಕಡೆ ‘ನಾನು ಪಾಪಿ, ನಾನು ಲಾಯಕ್ಕಿಲ್ಲ’ ಅಂತ ಬರೆದು ಕಣ್ಣೀರಿನಲ್ಲಿ ಪುಟ ನೆನೆಸುತ್ತಾರೆ. ನೋಡಲು ಪಶ್ಚಾತ್ತಾಪದ ಹಾಗಿದೆ, ಆದರೆ ಅದರಲ್ಲಿ ಒಂದೂ ಸಂಗತಿ ಇಲ್ಲ. ‘ಕೆಟ್ಟ ಕೆಲಸ ಮಾಡಿದೆ’ ಅನ್ನುವುದಕ್ಕೂ ‘ನಾನೇ ಕೆಟ್ಟವನು’ ಅನ್ನುವುದಕ್ಕೂ ಅಜಗಜಾಂತರ. ಮಾಡಿದ ಕೆಲಸಕ್ಕೆ ತಾರೀಕು ಇರುತ್ತದೆ, ಮೊತ್ತ ಇರುತ್ತದೆ, ಆದ್ದರಿಂದ ರಿಪೇರಿಯೂ ಇರುತ್ತದೆ. ‘ಕೆಟ್ಟವನು’ ಅನ್ನುವುದಕ್ಕೆ ರಿಪೇರಿ ಇಲ್ಲ, ಕುಡಿಯುವುದೊಂದೇ ಉಳಿಯುತ್ತದೆ. ಒಳ್ಳೆಯ ಸ್ಪಾನ್ಸರ್ ‘ಪಾಪಿ’ ಅಂತ ಬರೆದದ್ದನ್ನೆಲ್ಲ ಹೊಡೆದುಹಾಕಿ, ‘ಯಾವತ್ತು? ಎಷ್ಟು? ಯಾರ ಮುಂದೆ?’ ಅಂತ ಕೇಳುತ್ತಾರೆ.

ಆತುರವೂ ಕೆಡಿಸುತ್ತದೆ. ನಡುಕ ನಿಂತಿಲ್ಲ, ನಿದ್ದೆ ಬಂದಿಲ್ಲ, ಮೊದಲ ವಾರದಲ್ಲೇ ಬರೆಯಲು ಕೂರಿಸಿದರೆ ತಲೆ ತಡೆದುಕೊಳ್ಳುವುದಿಲ್ಲ. ಊಟ, ನಿದ್ದೆ ಒಂದು ಹದಕ್ಕೆ ಬರಲಿ. ಬರೆಯುವಾಗ ಸಾಯುವ ಯೋಚನೆ ಬಂದರೆ ಪೆನ್ನು ಅಲ್ಲೇ ಇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ನೋಟ್‌ಬುಕ್ಕನ್ನು ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ.

ಐದನೇ ಹೆಜ್ಜೆ, ಬರೆದದ್ದನ್ನು ಒಬ್ಬ ಮನುಷ್ಯರ ಮುಂದೆ ಓದುವುದು. ಎರಡು ಮೂರು ಗಂಟೆ ಬೇಕು, ಫೋನ್ ಆಫ್ ಮಾಡಿ, ನೀರಿನ ಬಾಟಲಿ ಇಟ್ಟುಕೊಂಡು, ಯಾರೂ ಬಾರದ ಜಾಗದಲ್ಲಿ. ಕೇಳಿಸಿಕೊಳ್ಳುವವರು ಬೆಚ್ಚುವುದಿಲ್ಲ. ‘ಇದು ನನ್ನ ಪಟ್ಟಿಯಲ್ಲೂ ಇತ್ತು’ ಅಂತ ನಾಲ್ಕೈದು ಕಡೆ ಹೇಳುತ್ತಾರೆ ಅಷ್ಟೇ. ಯಾರಿಗೂ ಹೇಳಲಾಗದ್ದು ಅಂತ ಇಪ್ಪತ್ತು ವರ್ಷ ಹೊತ್ತದ್ದು ಆ ಒಂದು ಮಾತಿಗೆ ಇಳಿಯುತ್ತದೆ. ಓದಿದ ಮೇಲೆ ಉತ್ಸಾಹದಲ್ಲಿ ನೋಟ್‌ಬುಕ್ ಸುಟ್ಟುಹಾಕುವವರಿದ್ದಾರೆ. ಸುಡಬೇಡಿ, ಎಂಟನೇ ಹೆಜ್ಜೆಯ ಪಟ್ಟಿ ಅದರ ನಾಲ್ಕನೇ ಕಾಲಮ್ಮಿನಿಂದಲೇ ತೆಗೆಯಬೇಕು.

ಕ್ಷಮೆ ಕೇಳುವುದಲ್ಲ, ಬಾಕಿ ತೀರಿಸುವುದು

ಎಂಟರಲ್ಲಿ ನೋಯಿಸಿದವರ ಪಟ್ಟಿ, ಒಂಬತ್ತರಲ್ಲಿ ಅವರಿಗೆ ತಪ್ಪನ್ನು ಸರಿಮಾಡಿಕೊಡುವುದು. ನಮ್ಮಲ್ಲಿ ತಪ್ಪುಕಾಣಿಕೆ ಅನ್ನುವ ಪದ್ಧತಿ ಇದೆ: ಹುಂಡಿಗೆ ಮುಡಿಪು ಹಾಕಿ ‘ತಪ್ಪಾಯ್ತು ಸ್ವಾಮಿ’ ಅಂದರೆ ದೇವರು ಮನ್ನಿಸುತ್ತಾನೆ. ಮನಸ್ಸಿಗೆ ಅದು ಸಮಾಧಾನ ಕೊಡುತ್ತದೆ, ಬೇಡ ಅನ್ನಲಾಗದು. ಆದರೆ ಓಲೆ ಹೋದದ್ದು ಹೆಂಡತಿಯ ಕಿವಿಯಿಂದ, ಆದ್ದರಿಂದ ಒಂಬತ್ತನೇ ಹೆಜ್ಜೆಯ ಕಾಣಿಕೆ ಅವರಿಗೇ ಸಲ್ಲಬೇಕು.

ಹೊಸಬರು ಮೊದಲ ತಿಂಗಳಲ್ಲೇ ಮನೆಮನೆಗೆ ಹೋಗಿ ಕಾಲಿಗೆ ಬೀಳಲು ಹೊರಡುತ್ತಾರೆ. ಇದರಷ್ಟು ಕೆಲಸ ಕೆಡಿಸುವುದು ಬೇರೆ ಇಲ್ಲ. ‘ಇನ್ಮೇಲೆ ಕುಡಿಯಲ್ಲ ಕಣೇ’ ಅನ್ನುವ ಮಾತನ್ನು ಆ ಮನೆ ನೂರು ಸಲ ಕೇಳಿದೆ. ನೂರಾ ಒಂದನೇ ಸಲ ಕೇಳಿಸಿಕೊಳ್ಳುವ ಕಿವಿ ಅಲ್ಲಿಲ್ಲ. ಆರು ತಿಂಗಳಾದರೂ ಸಂಬಳದ ಕವರ್ ಒಡೆಯದೆ ಮನೆಗೆ ಬರಲಿ, ಆಮೇಲೆ ಕೂತು ಮಾತಾಡುವುದು. ಆಗಲೂ ಮಾತು ಹೀಗಿರಬೇಕು:

‘ಮಾರ್ಚ್‌ನಲ್ಲಿ ನಿನ್ನ ಓಲೆ ಅಡ ಇಟ್ಟೆ. ಅಕ್ಕನ ಮಗನ ಫೀಸಿಗೆ ಅಂತ ಸುಳ್ಳು ಹೇಳಿದೆ. ರಸೀದಿ ಇಲ್ಲಿದೆ ನೋಡು. ಬಡ್ಡಿ ಸೇರಿ ಹದಿನೆಂಟು ಸಾವಿರ ಆಗಿದೆ. ತಿಂಗಳಿಗೆ ಮೂರು ಸಾವಿರ ಕಟ್ತಿದೀನಿ, ದೀಪಾವಳಿ ಹೊತ್ತಿಗೆ ಬಿಡಿಸಿಕೊಂಡು ಬರ್ತೀನಿ. ನಾನು ಮರೆತಿರೋದು ಇನ್ನೇನಾದ್ರೂ ಇದ್ರೆ ಹೇಳು.’

ಇದರಲ್ಲಿ ‘ಕ್ಷಮಿಸು’ ಅನ್ನುವ ಪದವೇ ಇಲ್ಲ. ಬೇಕಂತಲೇ ಬಿಟ್ಟದ್ದು. ಕ್ಷಮಿಸು ಅಂದ ಕೂಡಲೇ ಉತ್ತರ ಕೊಡುವ ಭಾರ ಅವರ ಮೇಲೆ ಬೀಳುತ್ತದೆ, ನೊಂದವರಿಗೇ ಇನ್ನೊಂದು ಕೆಲಸ ಹಚ್ಚಿದ ಹಾಗೆ. ‘ಕುಡಿದಿದ್ದೆ, ಗೊತ್ತಾಗಲಿಲ್ಲ’ ಅನ್ನುವ ನೆಪವೂ ಇಲ್ಲ. ತಾರೀಕು, ಸುಳ್ಳು, ಮೊತ್ತ, ತೀರಿಸುವ ಕ್ರಮ ಇಷ್ಟೇ. ಅವರು ‘ಹೂಂ ರೀ, ನೋಡೋಣ’ ಅಂತ ಎದ್ದು ಅಡುಗೆಮನೆಗೆ ಹೋಗಬಹುದು. ಹತ್ತು ವರ್ಷದ ಹಳೆಯದೊಂದನ್ನು ತೆಗೆದು ಬೈಯಬಹುದು. ಬೈದರೆ ಕೇಳಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು.

ಸಾಲಕ್ಕೆ ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ: ಕೈಸಾಲ, ಗಿರವಿ, ಚೀಟಿ, ಸಂಘದ ಕಂತು, ಅಂಗಡಿಯ ಉದ್ದರಿ. ಮೊದಲು ಬಡ್ಡಿ ಏರುವವು, ಒಡವೆ ಹರಾಜಿಗೆ ಬರುವವು. ಕೈಸಾಲ ಕೊಟ್ಟವರ ಬಳಿ ತಲೆ ತಪ್ಪಿಸಿಕೊಂಡು ಓಡಾಡುವ ಬದಲು ಐನೂರೇ ಆಗಲಿ, ಪ್ರತಿ ತಿಂಗಳು ಅದೇ ತಾರೀಕಿಗೆ ಕೊಡಿ. ಮನೆ ಖರ್ಚು ಕಿತ್ತು ಸಾಲ ತೀರಿಸಲು ಹೋಗಬೇಡಿ, ಮತ್ತೆ ಪೆಟ್ಟು ಬೀಳುವುದು ಮನೆಯವರಿಗೇ.

ಹೇಳಬಾರದ ಸಂಗತಿಗಳೂ ಇವೆ. ಹೇಳಿದರೆ ಅವರಿಗೋ ಇನ್ನೊಬ್ಬರಿಗೋ ಹಾನಿ ಆಗುವುದಾದರೆ ಹೇಳಬೇಡ ಅಂತ ಒಂಬತ್ತನೇ ಹೆಜ್ಜೆಯಲ್ಲೇ ಇದೆ. ಹಳೆಯ ಸಂಬಂಧವೊಂದನ್ನು ‘ಮನಸ್ಸು ಹಗುರವಾಗಲಿ’ ಅಂತ ಹೆಂಡತಿಯ ಮುಂದೆ ಸುರಿದರೆ ಹಗುರವಾಗುವುದು ಒಬ್ಬರಿಗೆ, ಭಾರವಾಗುವುದು ಇನ್ನೊಬ್ಬರಿಗೆ. ಅದು ಸ್ಪಾನ್ಸರ್ ಹತ್ತಿರ ಮುಗಿಯಬೇಕು. ಅಪಘಾತ, ಕಚೇರಿಯ ಹಣ, ಹೀಗೆ ಕೇಸಾಗುವ ವಿಷಯ ಇದ್ದರೆ ಮೊದಲು ವಕೀಲರನ್ನು ಕಾಣಿ.

ತೀರಿಕೊಂಡವರಿಗೆ? ಇದೇ ಎಲ್ಲರಿಗೂ ಕಷ್ಟದ್ದು. ಅಪ್ಪನಿಗೆ ಒಂದು ಕಾಗದ ಬರೆದು, ಅವರ ಫೋಟೋ ಮುಂದೆ ಅಥವಾ ಸಮಾಧಿಯ ಹತ್ತಿರ ಗಟ್ಟಿಯಾಗಿ ಓದುವುದು ಎ.ಎ.ಯಲ್ಲಿ ರೂಢಿ. ಅಷ್ಟಕ್ಕೆ ನಿಲ್ಲಿಸಬೇಡಿ. ಅವರಿಗೆ ಸಲ್ಲಬೇಕಿದ್ದು ಈಗ ಯಾರಿಗೆ ಸಲ್ಲಬಹುದು ಅಂತ ನೋಡಿ. ಅಮ್ಮನನ್ನು ತಿಂಗಳ ಬಿ.ಪಿ. ಮಾತ್ರೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ಅಕ್ಕನ ತಲೆಮೇಲಿದ್ದರೆ ಅದನ್ನು ನೀವು ತೆಗೆದುಕೊಳ್ಳಿ.

ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಬರೆಯಿರಿ ಅಂತ ಹೇಳುವ ಸ್ಪಾನ್ಸರುಗಳಿದ್ದಾರೆ. ಅದು ಸರಿಯಾದ ಮಾತು. ಡಾಕ್ಟರಿಗೆ ಹಲ್ಲು ತೋರಿಸದೆ ಬಿಟ್ಟದ್ದು, ಲಿವರ್ ಪರೀಕ್ಷೆ ಮುಂದೂಡಿದ್ದು, ಅರ್ಧಕ್ಕೆ ನಿಂತ ಡಿಪ್ಲೊಮಾ, ಇವೂ ಬಾಕಿಗಳೇ. ನಮ್ಮ ತಿಳಿವಳಿಕೆಯಲ್ಲಿ ತನ್ನನ್ನು ತಾನು ಕ್ಷಮಿಸಿಕೊಳ್ಳುವುದು ಅಂದರೆ ಕಾಯುತ್ತಾ ಕೂತರೆ ಬರುವ ಭಾವನೆ ಅಲ್ಲ. ಪಟ್ಟಿಯಲ್ಲಿ ಒಂದೊಂದೇ ಹೆಸರಿನ ಮುಂದೆ ಗೀಟು ಬೀಳುತ್ತಾ ಹೋದ ಹಾಗೆ ಅದು ಹಿಂದಿನಿಂದ ಬರುತ್ತದೆ. ಈ ಕ್ರಮವನ್ನು ಇಷ್ಟು ಬಿಡಿಸಿ ಇಟ್ಟಿರುವುದಕ್ಕೇ ಎ.ಎ.ಗೆ ನಮ್ಮ ಮೆಚ್ಚುಗೆ.

ಹತ್ತನೇ ಹೆಜ್ಜೆ ದಿನದ್ದು. ಮಲಗುವ ಮುಂಚೆ ಐದು ನಿಮಿಷ: ಇವತ್ತು ಯಾರ ಮೇಲೆ ರೇಗಿದೆ, ಎಲ್ಲಿ ಸುಳ್ಳು ಹೇಳಿದೆ, ನಾಳೆ ಯಾರಿಗೆ ‘ತಪ್ಪು ನನ್ನದು’ ಅನ್ನಬೇಕು. ಒಳ್ಳೆಯದು ಮಾಡಿದ್ದನ್ನೂ ಒಂದು ಸಾಲು ಬರೆಯಬೇಕು, ಇದನ್ನು ಬಹಳ ಜನ ಬಿಡುತ್ತಾರೆ.

ಸ್ಲಿಪ್ ಆದರೆ ಏನು? ಒಂದು ಮದುವೆಮನೆ, ಒಂದು ಪೆಗ್ಗು. ಆ ಪೆಗ್ಗಿಗಿಂತ ‘ಎಲ್ಲ ಹಾಳಾಯಿತು, ಇನ್ನೇನು ಉಳಿದಿದೆ’ ಅನ್ನುವ ಯೋಚನೆ ಹೆಚ್ಚು ಕುಡಿಸುತ್ತದೆ. ಅದೇ ರಾತ್ರಿ ಫೋನ್, ಮಾರನೇ ದಿನ ಸಭೆ. ಗ್ರೂಪಿನಲ್ಲಿ ದಿನದ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಇದು ಎ.ಎ.ಯ ಒಂದು ದೌರ್ಬಲ್ಯ ಅಂತಲೇ ಹೇಳಬೇಕು, ಏಕೆಂದರೆ 400 ದಿನ ಕಳೆದವರಿಗೆ ‘ಇವತ್ತು ನನ್ನ ಮೊದಲ ದಿನ’ ಅಂತ ಹೇಳುವ ನಾಚಿಕೆಯಲ್ಲಿ ಸಭೆಯೇ ತಪ್ಪಿಹೋಗುತ್ತದೆ. ಆ 400 ದಿನ ತೀರಿಸಿದ ಸಾಲ, ಬರೆದ ನೋಟ್‌ಬುಕ್ ಎಲ್ಲೂ ಹೋಗಿಲ್ಲ. ಕುಡಿತ ವಾರಗಟ್ಟಲೆ ಮುಂದುವರಿದಿದ್ದರೆ ಮಾತ್ರ ಮತ್ತೆ ಡಾಕ್ಟರಿಂದಲೇ ಶುರು.

ಎಲ್ಲಿ ಕೈಕೊಡುತ್ತದೆ

ಗ್ರೂಪಿನಿಂದ ಗ್ರೂಪಿಗೆ ಗುಣಮಟ್ಟ ಬೇರೆ. ಮೇಲಿನಿಂದ ತಪಾಸಣೆ ಮಾಡುವ ಯಾರೂ ಇಲ್ಲ. ಕೆಲವು ಕಡೆ ಶೇರಿಂಗ್ ಅಂದರೆ ಕುಡಿದ ದಿನಗಳ ಸಾಹಸಕಥೆ ಆಗಿಬಿಡುತ್ತದೆ, ಹೆಜ್ಜೆಗಳ ಮಾತೇ ಬರುವುದಿಲ್ಲ. ಮೂರು ಸಭೆ ನೋಡಿ, ಹಾಗೇ ಇದ್ದರೆ ಬೇರೆ ಗ್ರೂಪಿಗೆ ಹೋಗಿ. ಹೆಣ್ಣುಮಕ್ಕಳು ಕಡಿಮೆ. ಕುಡಿಯುವ ಹೆಂಗಸಿಗೆ ನಮ್ಮ ಸಮಾಜ ಇಟ್ಟಿರುವ ಹೆಸರಿಗೆ ಹೆದರಿ ಬರುವವರು ವಿರಳ, ಬಂದವರಿಗೆ ಹೆಣ್ಣು ಸ್ಪಾನ್ಸರ್ ಸಿಗುವುದೂ ಕಷ್ಟ. ಸಹಾಯದ ನೆಪದಲ್ಲಿ ಹೊಸ ಹೆಂಗಸರ ಹಿಂದೆ ಬೀಳುವ ಗಂಡಸರು ಎಲ್ಲ ಕಡೆಯ ಹಾಗೆ ಇಲ್ಲೂ ಇರಬಹುದು. ಸ್ಪಾನ್ಸರ್ ವಿಷಯದಲ್ಲಿ ಹೆಂಗಸಿಗೆ ಹೆಂಗಸು ಅನ್ನುವ ನಿಯಮವನ್ನು ಸಡಿಲಿಸಬೇಡಿ.

ಖಿನ್ನತೆಗೋ ಬೈಪೋಲಾರ್ ಕಾಯಿಲೆಗೋ ಮಾತ್ರೆ ತೆಗೆದುಕೊಳ್ಳುವವರಿಗೆ ‘ಅದೂ ಒಂದು ಚಟವೇ, ಬಿಡು’ ಅನ್ನುವ ಹಿರಿಯರು ಸಿಗಬಹುದು. ಸದಸ್ಯರು ಡಾಕ್ಟರಂತೆ ಆಡಬಾರದು ಅನ್ನುವುದು ಎ.ಎ.ಯ ಅಧಿಕೃತ ನಿಲುವು. ಮಾತ್ರೆ ಬಿಡಬೇಡಿ, ಸ್ಪಾನ್ಸರ್ ಬದಲಿಸಿ. ಇನ್ನು ದೇವರ ವಿಷಯ: ಹೆಜ್ಜೆಗಳಲ್ಲಿ ದೇವರ ಮಾತು ಪದೇ ಪದೇ ಬರುತ್ತದೆ, ಆದರೆ ತಾನು ತಿಳಿದ ಹಾಗೆ ಅಂತ ಬಿಟ್ಟಿದ್ದಾರೆ. ದೇವರನ್ನು ನಂಬದವರು ಗ್ರೂಪನ್ನೇ ಆಸರೆ ಅಂದುಕೊಂಡು ನಡೆದದ್ದುಂಟು. ಅದೂ ಒಗ್ಗದಿದ್ದರೆ ಕೌನ್ಸೆಲಿಂಗ್ ದಾರಿ ಹಿಡಿಯುವುದು ಒಳ್ಳೆಯದು.

ಫಲ ಎಷ್ಟು? 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಕೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ವಿವರವನ್ನು ಒಟ್ಟಿಗೆ ನೋಡಿತು. ಕ್ರಮವಾಗಿ ಎ.ಎ.ಗೆ ಸೇರಿಸುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಹೊತ್ತಿಗೆ ಪೂರ್ತಿ ಬಿಟ್ಟವರು 42 ಪರ್ಸೆಂಟ್, ಬೇರೆ ಚಿಕಿತ್ಸೆಗಳಲ್ಲಿ 35. ಅಂದರೆ ಒಳ್ಳೆಯ ಫಲವೇ, ಪವಾಡ ಅಲ್ಲ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮತ್ತೂ ಪ್ರಯತ್ನ ಬೇಕು.

ಬೇರೆ ದಾರಿಗಳಲ್ಲಿ, ತೀವ್ರ ಕುಡಿತಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, ಜಿಲ್ಲಾಸ್ಪತ್ರೆಯ ಮನೋವೈದ್ಯರು, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್. ಹಳ್ಳಿಗಳಲ್ಲಿ ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರ ಹೆಚ್ಚು ಜನಕ್ಕೆ ಗೊತ್ತು. ಮನೆಯವರನ್ನೂ ಒಳಗೆ ತರುವುದು ಅದರ ಬಲ, ಎಂಟು ದಿನಕ್ಕೆ ಮುಗಿಯುವುದು ಅದರ ಮಿತಿ. ಶಿಬಿರ ಮುಗಿಸಿ ಬಂದವರು ಅಂಥವರದೇ ಗುಂಪಾದ ನವಜೀವನ ಸಮಿತಿಗೋ ಎ.ಎ.ಗೋ ಹೋಗುತ್ತಲೇ ಇರಬೇಕು. ಬಲವಂತದಿಂದ ಎತ್ತಿಕೊಂಡು ಹೋಗಿ ಕಟ್ಟಿಹಾಕುವ ಕೇಂದ್ರಗಳಿಂದ ದೂರವಿರಿ. ಸರಪಳಿ ಹಾಕುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಷಿದ್ಧ. ವ್ಯಸನಕ್ಕೆ ಸರ್ಕಾರದ ಉಚಿತ ಸಹಾಯವಾಣಿ 14446.

ಮನೆಯವರಿಗೆ ಬೇರೆಯೇ ಸಭೆ ಇದೆ, ಅಲ್-ಅನಾನ್ ಅಂತ. ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಕಟ್ಟಿದ್ದು. ಕುಡಿಯುವವರು ಎ.ಎ.ಗೆ ಬರಲು ಒಪ್ಪದಿದ್ದರೂ ಹೆಂಡತಿ, ತಾಯಿ ಅಲ್ಲಿಗೆ ಹೋಗಬಹುದು. ‘ನಾನು ಸರಿಯಾಗಿ ನೋಡಿಕೊಂಡಿದ್ದರೆ ಅವರು ಕುಡಿಯುತ್ತಿರಲಿಲ್ಲ’ ಅನ್ನುವ ಸುಳ್ಳು ಲೆಕ್ಕ ಅವರ ತಲೆಯಲ್ಲೂ ಇರುತ್ತದೆ.

ಮೊದಲ ಸಲ ಹೋಗುವವರು ಹತ್ತು ನಿಮಿಷ ಮುಂಚೆ ಹೋಗಿ. ಊಟ ಮಾಡಿಕೊಂಡು ಹೋಗಿ. ಮಾತಾಡಲೇಬೇಕು ಅಂತಿಲ್ಲ, ಸರದಿ ಬಂದಾಗ ‘ಇವತ್ತು ಕೇಳ್ತೀನಿ’ ಅಂದರೆ ಸಾಕು. ಆ ದಿನ ಕುಡಿದಿದ್ದರೂ ಒಳಗೆ ಬಿಡುತ್ತಾರೆ, ಸುಮ್ಮನೆ ಹಿಂದಿನ ಕುರ್ಚಿಯಲ್ಲಿ ಕೂರಿ. ಮುಗಿದ ಮೇಲೆ ಟೀ ಹೊತ್ತಿನಲ್ಲಿ ಇಬ್ಬರ ಫೋನ್ ನಂಬರ್ ಇಸಿದುಕೊಳ್ಳಿ, ಮನೆ ಮುಟ್ಟುವ ಮುಂಚೆ ಅವರಲ್ಲಿ ಒಬ್ಬರಿಗೆ ಒಂದು ಸಲ ಫೋನ್ ಮಾಡಿ ನೋಡಿ. ಮೊದಲ ಫೋನ್ ಆಸೆ ಬಂದಾಗ ಮಾಡೋಣ ಅಂದುಕೊಂಡವರು ಆ ಹೊತ್ತಿಗೆ ಮಾಡುವುದೇ ಇಲ್ಲ.